ಮುಂದಿನ ಡಿಸ್ಕು

ಫೆಬ್ರವರಿ 3, ಸೋಮವಾರ

ಇದನ್ನು ಕನ್ನಡ ಅಕ್ಷರದಲ್ಲಿ ಬರೆಯುವುದಕ್ಕೆ ಕಾರಣ ಒಂದೇ. ಈ ದಿಂಡಿಗಲ್ ಹಾಸ್ಟೆಲಿನಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ.

ರೂಮ್‌ಮೇಟ್ ಪಾಂಡೀಶ್ವರಿ ಉಸಿಲಂಪಟ್ಟಿಯವಳು. ಇವತ್ತು ಹೆಗಲ ಹಿಂದಿನಿಂದ ಬಗ್ಗಿ ನೋಡಿ, ಇದೇನಡೀ ಜಿಲೇಬಿ ಸುತ್ತುತ್ತಿದ್ದೀಯಾ ಅಂತ ಕೇಳಿದಳು. ಶಾರ್ಟ್‌ಹ್ಯಾಂಡ್ ಅಂದೆ. ನಂಬಿದಳು. ನಾನು ಏನು ಹೇಳಿದರೂ ಪಾಂಡಿ ನಂಬುತ್ತಾಳೆ, ಅದೇ ಕಷ್ಟ. ಕೊಡೈಕಾನಲ್ ಸ್ಕೂಲಿನಲ್ಲಿ ಓದಿದೆ ಅಂದದ್ದನ್ನೂ ನಂಬಿದ್ದಾಳೆ. ಬತ್ತಲಗುಂಡು ದಾಟಿ ಆ ಬೆಟ್ಟ ಹತ್ತಿದ್ದು ಒಂದೇ ಸಲ, ಅದೂ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ನಾನು ಓದಿದ್ದು ಮೈಸೂರಿನಲ್ಲಿ, ಆರನೇ ಕ್ಲಾಸಿನಿಂದ ಪ್ಲಸ್ ಟೂ ತನಕ, ಹಾಸ್ಟೆಲಿನಲ್ಲಿ.

ಮೈಸೂರು ಅಂದರೆ ಕನ್ನಡ ಬರುತ್ತಾ ಅಂತಾರೆ. ಬರುತ್ತೆ ಅಂದರೆ, ಮನೆಯಲ್ಲೂ ಅದೇನಾ ಅಂತಾರೆ. ಮನೆಯಲ್ಲೂ ಅದೇ. ಎಷ್ಟೋ ತಲೆಮಾರಿನಿಂದ ಪೆರಿಯಕುಳಂನಲ್ಲಿದ್ದೇವೆ, ಆದರೂ ಅದೇ.

ಕಾಲೇಜಿನ ಮೊದಲ ವಾರ ಮೆಸ್ಸಿನಲ್ಲಿ ಫೈನಲ್ ಇಯರ್ ಕಲೈಸೆಲ್ವಿ ಅಕ್ಕನನ್ನು ಯಾರೋ ರೇಗಿಸಿದರು, ನಿಮ್ಮವರು ಕಾವೇರಿ ಬಿಡಲ್ಲ, ನೀನು ಸಾಂಬಾರಾದರೂ ಬಿಡು ಅಂತ. ಅಕ್ಕ ಹನುಮಂತನಪಟ್ಟಿಯ ದ್ರಾಕ್ಷಿ ತೋಟದವಳು. ನಮ್ಮ ಜನವೇ, ಮನೆಯಲ್ಲಿ ನಮ್ಮ ಮಾತೇ. ಕೈಯಲ್ಲಿದ್ದ ಸೌಟು ಕೆಳಗಿಡದೆ, ನಮ್ಮೂರಿಗೆ ಬರೋದು ಮುಲ್ಲೈ ಪೆರಿಯಾರ್ ನೀರು, ಕೇಳೋದಿದ್ರೆ ಕೇರಳದವರನ್ನ ಕೇಳು ಅಂದಳು. ಎಲ್ಲರೂ ನಕ್ಕರು. ನಾನು ರೇಗಿಸಿದವರ ಕಡೆ ನಿಂತು ನಕ್ಕೆ.

ಆಮೇಲೆ ಅಕ್ಕ ನನ್ನ ಹತ್ತಿರ ಬಂದು, "ಪೆರಿಯಕುಳಂ ಅಂತೆ. ಯಾರ ಮನೆ ಪುಳ್ಳೆ ನೀನು?" ಅಂತ ನಮ್ಮ ಮಾತಲ್ಲೇ ಕೇಳಿದಳು. ಪಕ್ಕದಲ್ಲಿ ಪಾಂಡಿ ಇದ್ದಳು.

"ಪುರಿಯಲೆ ಅಕ್ಕಾ" ಅಂದೆ, ತಮಿಳಿನಲ್ಲಿ. ಅರ್ಥ ಆಗಲಿಲ್ಲ ಅಂತ.

ಯಾರ ಮನೆ ಮಗು ಅಂತ ಕೇಳಿದ್ದು ಅರ್ಥ ಆಗದೆ ಇರುತ್ತದೆಯೇ?

ಫೆಬ್ರವರಿ 8, ಶನಿವಾರ

ಸಿಕ್ಕಿಬಿದ್ದೆ. ಟೆರೇಸಿನಲ್ಲಿ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಒಣಗಿಸಿದ್ದ ಬೆಡ್‌ಶೀಟಿನ ಆಚೆ ಕಲೈಸೆಲ್ವಿ ಅಕ್ಕ ತುಣಿ, ಅಲ್ಲ, ಬಟ್ಟೆ ಮಡಿಸುತ್ತಿದ್ದಳು. ಬೆಡ್‌ಶೀಟು ಸರಿಸಿ ನನ್ನನ್ನೇ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಪಯಪ್ಪಡಬೇಡ" ಅಂದಳು. "ಯಾರತ್ರವೂ ಯೋಳಲ್ಲ. ಅಜ್ಜಿ ಮಂಡಿನೋವು ಈಗ ತಾವಲೆಯಾ?"

ತಾವಲೆ ಅಂದರೆ ವಾಸಿ, ಪರವಾಗಿಲ್ಲ ಅಂತ. ಮನೆಯ ಹೊರಗೆ ಆ ಮಾತು ಕೇಳಿ ಎಷ್ಟು ವರ್ಷವಾಯಿತು. ಆದರೂ ಉತ್ತರ ಇಂಗ್ಲಿಷಿನಲ್ಲೇ ಕೊಟ್ಟೆ.

ಅದಾದ ಮೇಲೆ ಅಕ್ಕ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದಳು. ಡಿಪಾರ್ಟ್‌ಮೆಂಟಿನ ಸರ್ವರ್ ನೋಡಿಕೊಳ್ಳುವವಳು ಅವಳೇ, ಲ್ಯಾಬ್ ಇನ್‌ಚಾರ್ಜ್ ಜೆಯಕುಮಾರ್ ಸರ್ ಕೀ ಅವಳ ಕೈಗೇ ಕೊಟ್ಟಿದ್ದಾರೆ. ಮೇ ತಿಂಗಳಿಗೆ ಅವಳು ಹೊರಡುತ್ತಾಳೆ, ಆಮೇಲೆ ಯಾರಾದರೂ ಬೇಕಲ್ಲ.

ಅವಳು ಹೇಳಿಕೊಟ್ಟದ್ದು ಇಷ್ಟು. ಮಿಷನ್ನು ಕಣ್ಣು ಬಿಟ್ಟ ಕೂಡಲೇ ನಾನು ಯಾರು ಅಂತ ಕೇಳುತ್ತದೆ. ಉತ್ತರ ಇರುವುದು ಡಿಸ್ಕಿನಲ್ಲಿ. ಒಳಗೆ ಎರಡು ಡಿಸ್ಕಿವೆ, ಒಂದೇ ಕಂಪನಿ, ಒಂದೇ ಅಳತೆ, ಅವಳಿ ಮಕ್ಕಳ ಹಾಗೆ. ಒಂದರಲ್ಲಿ ಕೆಲಸ ನಡೆಯುತ್ತದೆ. ಇನ್ನೊಂದು ಬ್ಯಾಕಪ್, ಡಿಸೆಂಬರ್ ರಜೆಗೆ ಮುಂಚೆ ಅಕ್ಕ ಅದಕ್ಕೆ ಎಲ್ಲವನ್ನೂ ಕಾಪಿ ಮಾಡಿಟ್ಟಿದ್ದಾಳೆ. ಈಗ ಕೆಲಸದ ಡಿಸ್ಕು ಎರರ್ ತೋರಿಸುತ್ತಿದೆ, ಹೆಚ್ಚು ದಿನ ಬಾಳುವುದಿಲ್ಲ. ಅದು ಸಾಯುವ ಮುಂಚೆ ಅದರಲ್ಲಿರುವುದನ್ನು ಬ್ಯಾಕಪ್ಪಿಗೆ ಹೊಸದಾಗಿ ಕಾಪಿ ಮಾಡಬೇಕು. ಆಮೇಲೆ ಮಿಷನ್ನಿಗೆ, ಇನ್ನು ಮೇಲೆ ನೀನು ಏಳುವಾಗ ಬ್ಯಾಕಪ್ಪಿನಿಂದಲೇ ಏಳು ಅಂತ ಬೂಟ್ ಆರ್ಡರಿನಲ್ಲಿ ಹೇಳಿಕೊಡಬೇಕು.

ಸ್ಕ್ರೀನಿನಲ್ಲಿ ಡಿಸ್ಕುಗಳಿಗೆ ಸೊನ್ನೆ, ಒಂದು ಅಂತ ನಂಬರ್ ಬರುತ್ತದೆ. ಕೆಲವು ಮಿಷನ್ನುಗಳಲ್ಲಿ ಅದು ಅದಲುಬದಲಾಗಿರುತ್ತದಂತೆ, ಬರೀ ನಂಬರ್ ನಂಬಬಾರದಂತೆ. ನಮ್ಮದರಲ್ಲಿ ಹೇಗೆ ಅಂತ ಅಕ್ಕ ತೋರಿಸಿದಳು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಫಸ್ಟ್ ಕ್ಲಾಸು.

ಅವಳ ಪ್ರಾಜೆಕ್ಟೂ ಅದರಲ್ಲೇ ಇದೆ. ದ್ರಾಕ್ಷಿ ಎಲೆಯ ಫೋಟೋ ನೋಡಿ ರೋಗ ಹಿಡಿಯುವ ಪ್ರೋಗ್ರಾಂ. ಪೊಂಗಲ್‌ನಿಂದ ಶುರುಮಾಡಿ ಪ್ರತಿ ವಾರ ಊರಿಗೆ ಹೋಗಿ, ಚಪ್ಪರದ ಕೆಳಗೆ ನಿಂತು ಎಲೆ ಎಲೆಯಾಗಿ ಫೋಟೋ ತೆಗೆದಿದ್ದಾಳೆ. ಒಂದೇ ಎಲೆ ವಾರದಿಂದ ವಾರಕ್ಕೆ ಹೇಗೆ ಹಳದಿಯಾಗುತ್ತದೆ ಅಂತ. ಫೋನು ತುಂಬಿತು ಅಂತ ಎಲ್ಲ ಸರ್ವರಿಗೆ ಹಾಕಿ ಫೋನಿನಲ್ಲಿ ಅಳಿಸಿದ್ದಾಳೆ. ಇದಕ್ಕಿಂತ ಪತ್ರಮಾದ, ಅಂದರೆ ಭದ್ರವಾದ, ಜಾಗ ಎಲ್ಲಿದೆ ಅಂದಳು.

ವಾಪಸ್ ಬರುವಾಗ, ನಮ್ಮ ಮಾತು ಆಡೋಕೆ ನಿನಗೇನು ವೆಕ್ಕ, ಏನು ನಾಚಿಕೆ ಅಂತ ಕೇಳಿದಳು. ನಾನು ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ.

ಆರನೇ ಕ್ಲಾಸು, ಮೈಸೂರು. 'ನನ್ನ ಅಜ್ಜ' ಅಂತ ಪ್ರಬಂಧ. "ಮುಂದಿನ ವರ್ಷ ನಮ್ಮ ಅಜ್ಜ ಸತ್ತರು" ಅಂತ ಬರೆದಿದ್ದೆ. ಮಿಸ್ ಅದನ್ನು ಗಟ್ಟಿಯಾಗಿ ಓದಿದರು. ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಜ್ಯೋತಿಷಿ ಅಂತ ಹೆಸರಿಟ್ಟರು, ಹತ್ತನೇ ಕ್ಲಾಸಿನವರೆಗೂ ಹಾಗೇ ಕರೆದರು. ಅಜ್ಜ ಸತ್ತದ್ದಕ್ಕೆ ನಾನು ಆ ಊರಿನಲ್ಲಿ ಅಳಲೇ ಇಲ್ಲ. ಮುಂದಿನ ಅಂದರೆ ಇನ್ನು ಬರುವುದು. ಕಳೆದದ್ದು ಹಿಂದಿನ. ನೂರು ಸಲ ಬರೆಸಿದರು. ಈಗ ನನ್ನ ಕನ್ನಡದಲ್ಲಿ ಒಂದು ತಪ್ಪು ತೆಗೆಯಲಿ ನೋಡೋಣ.

ಫೆಬ್ರವರಿ 21, ಶುಕ್ರವಾರ

ಇವತ್ತು ನಾನು ಒಂದು ಸರ್ವರನ್ನು ಬದುಕಿಸಿದೆ!

ಅಕ್ಕ ರಜೆಯಲ್ಲಿದ್ದಾಳೆ, ಅವಳ ಅಕ್ಕನ ಮಗುವಿಗೆ ಊರಿನಲ್ಲಿ ಕಿವಿ ಚುಚ್ಚುವ ವಿಶೇಷ. ಮಧ್ಯಾಹ್ನ ಲ್ಯಾಬಿನಲ್ಲಿ ಡಿಸ್ಕು ಟಿಕ್ ಟಿಕ್ ಅಂತ ಸದ್ದು ಮಾಡಲು ಶುರುಮಾಡಿತು, ಹಲ್ಲಿ ಲೊಚಗುಟ್ಟಿದ ಹಾಗೆ. ಜೆಯಕುಮಾರ್ ಸರ್ ಪರೀಕ್ಷೆ ಡ್ಯೂಟಿಗೆ ಹೊರಟಿದ್ದರು. ಕಲೈಸೆಲ್ವಿಗೆ ಫೋನ್ ಮಾಡು, ಅವಳು ಹೇಳಿದ ಹಾಗೆ ಮಾಡು ಅಂತ ನನಗೆ ಹೇಳಿ ಹೋದರು.

ಪಾಂಡಿ, ಸ್ಪೀಕರಿನಲ್ಲಿ ಹಾಕಡೀ, ನಾವೂ ಕೇಳ್ತೀವಿ ಅಂದಳು. ಸ್ಪೀಕರಿನಲ್ಲಿ ಹಾಕಿದರೆ ಅಕ್ಕ ಯಾವ ಮಾತಿನಲ್ಲಿ ಮಾತಾಡುತ್ತಾಳೆ ಅಂತ ನನಗೆ ಗೊತ್ತು. ಸಿಗ್ನಲ್ ಇಲ್ಲ ಅಂತ ಕಾರಿಡಾರಿನ ಕೊನೆಯವರೆಗೂ ನಡೆದೆ.

ಆ ಕಡೆ ಮೇಳ, ನಾದಸ್ವರ, ಮಗುವಿನ ಕಿರುಚಾಟ.

"ಕೇಳು ಕಣ್ಣು. ಮುಂದಿನ ಡಿಸ್ಕಿಂದ ಇನ್ನೊಂದಕ್ಕೆ ಕಾಪಿ ಮಾಡು. ಅಪ್ಪುರಂ ಬೂಟ್ ಆರ್ಡರಲ್ಲಿ ಬ್ಯಾಕಪ್ಪ ಮೇಲಕ್ಕೆ ಏರ್ಸು. ಮುಂದಿನದರಿಂದ, ಆಯ್ತಾ? ತಿರುಗಿಸ್ಬಿಡಬೇಡ."

ಓಕೆ ಓಕೆ ಅಂದೆ, ಇಂಗ್ಲಿಷಿನಲ್ಲಿ, ಒಳಗಿನವರಿಗೆ ಕೇಳಲಿ ಅಂತ.

ಸ್ಕ್ರೀನಿನಲ್ಲಿ ಸೊನ್ನೆ, ಅದರ ಕೆಳಗೆ ಒಂದು. ಕೆಲಸದ ಡಿಸ್ಕು ಯಾವುದು ಅಂತ ಅಕ್ಕ ತೋರಿಸಿದ್ದು ನೆನಪಿಗೆ ಬರಲಿಲ್ಲ. ಸೊನ್ನೆಯೇ ಇರಬೇಕು ಅಂತ ಒಂದು ಗಳಿಗೆ ಅನಿಸಿತು. ಆದರೆ ಅಕ್ಕ ಎರಡೆರಡು ಸಲ ಹೇಳಿದ್ದಾಳೆ, ಮುಂದಿನದು ಅಂತ. ಸೊನ್ನೆಯ ಮುಂದಿನದು ಒಂದು. ನಂಬರ್ ನಂಬಬೇಡ ಅಂದವಳೂ ಅವಳೇ. ಮತ್ತೆ ಫೋನ್ ಮಾಡಿ ಕೇಳಬಹುದಿತ್ತು, ಆದರೆ ಇನ್ನೊಂದು ಸಲ ಕಾರಿಡಾರಿಗೆ ಓಡಿದರೆ ಪಾಂಡಿ ಹಿಂದೆಯೇ ಬರುತ್ತಿದ್ದಳು. ಅಲ್ಲದೆ ಆ ಪದದ ಅರ್ಥ ನನಗಿಂತ ಚೆನ್ನಾಗಿ ಇಲ್ಲಿ ಯಾರಿಗೆ ಗೊತ್ತು?

ಒಂದರಿಂದ ಸೊನ್ನೆಗೆ. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಅಂತ ಮಿಷನ್ನು ಕೇಳಿತು. ಸರಿ ಅಂತ ಒತ್ತಿದೆ.

ಸಂಜೆ ಟೀ ಹೊತ್ತಿಗೆ ಮುಗಿಯಿತು. ಬೂಟ್ ಆರ್ಡರಿನಲ್ಲಿ ನಂಬರ್ ಇಲ್ಲ, ಹೆಸರೇ ಬರುತ್ತದೆ. ಬ್ಯಾಕಪ್ ಅಂತ ಇದ್ದದ್ದನ್ನು ಮೇಲೆ ತಂದು ಸೇವ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಸ್ಕ್ರೀನು ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಆಮೇಲೆ ಲಾಗಿನ್ ಬಂತು, ಎಂದಿನ ಹಾಗೆ. ಪಾಂಡಿ ಚಪ್ಪಾಳೆ ಹೊಡೆದಳು. ಡ್ಯೂಟಿ ಮುಗಿಸಿ ಬಂದ ಸರ್ ವೆರಿ ಗುಡ್ ಮಾ ಅಂದರು. ಮೆಸ್ಸಿನಲ್ಲಿ ಸೆಕೆಂಡ್ ಇಯರಿನವರೂ ನನ್ನ ಹೆಸರು ಕೇಳಿದರು. ಅಭಿರಾಮಿ ಅಂದೆ. ಗಟ್ಟಿಯಾಗಿಯೇ ಅಂದೆ.

ಫೆಬ್ರವರಿ 24, ಸೋಮವಾರ

ಅಕ್ಕ ವಿಶೇಷದ ಅದಿರಸ, ಮೈಸೂರಿನವರ ಕಜ್ಜಾಯ, ತಂದು ಲ್ಯಾಬಿನಲ್ಲಿ ಎಲ್ಲರಿಗೂ ಹಂಚಿದಳು, ನನಗೆ ಎರಡು. ಆಮೇಲೆ ಕೂತು ತನ್ನ ಫೋಲ್ಡರ್ ಹುಡುಕಿದಳು. ಇಲ್ಲ. ಸರ್ವರಿನಲ್ಲಿ ಡಿಸೆಂಬರ್ ತನಕ ಎಲ್ಲ ಇದೆ, ಅಲ್ಲಿಂದ ಈಚೆ ಏನೂ ಇಲ್ಲ. ನಮ್ಮೆಲ್ಲರ ಲ್ಯಾಬ್ ಪ್ರೋಗ್ರಾಂ ಹೋಗಿದೆ, ಅದನ್ನು ಮತ್ತೆ ಬರೆಯಬಹುದು. ಎಲೆಗಳು ಹೋಗಿವೆ.

ಯಾವುದರಿಂದ ಯಾವುದಕ್ಕೆ ಮಾಡಿದೆ ಅಂತ ಕೇಳಿದಳು, ಮೆಲ್ಲಗೆ, ತಮಿಳಿನಲ್ಲಿ, ನನಗಾಗಿ. ನೀವು ಹೇಳಿದ ಹಾಗೆ, ಒಂದರಿಂದ ಸೊನ್ನೆಗೆ ಅಂದೆ.

"ನಾನು ಒಂದರಿಂದ ಅಂದೆನಾ?"

"ಹೂಂ."

ಅಕ್ಕ ಇನ್ನೊಂದು ಸಲ ಹುಡುಕಿದಳು. ಆಮೇಲೆ, ಮೇಳದ ಸದ್ದಿನಲ್ಲಿ ನಾನೇ ತಪ್ಪಾಗಿ ಹೇಳಿರಬೇಕು ಅಂದಳು. ಅವರ ತೋಟ ಕಟಾವಾಗಿ, ಮುಂದಿನ ಫಸಲಿಗೆ ಬಳ್ಳಿಯನ್ನೂ ಕತ್ತರಿಸಿದ್ದಾರೆ. ಚಪ್ಪರದಲ್ಲಿ ಈಗ ಒಂದೆಲೆಯೂ ಇಲ್ಲವಂತೆ. ಪ್ರಾಜೆಕ್ಟಿನ ರಿವ್ಯೂ ಮಾರ್ಚ್‌ನಲ್ಲಿ.

ಅದಿರಸ ಇನ್ನೂ ಟಿಫಿನ್ ಡಬ್ಬಿಯಲ್ಲಿದೆ. ತಿನ್ನಲಾಗಲಿಲ್ಲ.

ಫೆಬ್ರವರಿ 25, ಮಂಗಳವಾರ

ಅಕ್ಕ ಮೆಸ್ಸಿಗೆ ಬರಲಿಲ್ಲ. ಹೂಂ ಅನ್ನುವುದು ಮಾತೇ ಅಲ್ಲ, ಬರೀ ಸದ್ದು.

ಫೆಬ್ರವರಿ 27, ಗುರುವಾರ

ಒಂದು ಅನುಮಾನ ಇದೆ. ಬರೆಯುವುದಿಲ್ಲ.

ಮಾರ್ಚ್ 1, ಶನಿವಾರ. ಪೆರಿಯಕುಳಂ

ಮನೆಗೆ ಬಂದೆ. ಮಾವು ಹೂಬಿಟ್ಟು, ಬಸ್ಸಿಳಿದ ಕೂಡಲೇ ಆ ವಾಸನೆ. ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ನನ್ನ ಕೆನ್ನೆ ಸವರಿ ಲಟಿಕೆ ಮುರಿದು ದೃಷ್ಟಿ ತೆಗೆದಳು.

"ಮುಂದಿನ ಶನಿವಾರ ಬರ್ತೀಯಂತ ಬಾಗಿಲಲ್ಲೇ ಕಾದ್ಕೊಂಡು ಕೂತಿದ್ದೆ. ಪಣಿಯಾರಕ್ಕೆ ಹಿಟ್ಟೂ ಅರ್ದಿದ್ದೆ. ನೀ ಬರ್ಲೇ ಇಲ್ಲ."

ಮುಂದಿನ ಶನಿವಾರ. ಕಾದ್ಕೊಂಡು ಕೂತಿದ್ದೆ.

ಕಳೆದ ಶನಿವಾರ ಅಂತ. ನಮ್ಮ ಮನೆಯಲ್ಲಿ ಮುಂದಿನದು ಅಂದರೆ ಮುಂಚಿನದು, ಮೊದಲಿದ್ದದ್ದು. ಕಂಬಂ ತನಕ ನಮ್ಮ ಮಾತು ಆಡುವ ಎಲ್ಲ ಮನೆಯಲ್ಲೂ ಹಾಗೇ ಇರಬೇಕು. ಮುಂದಿನ ಡಿಸ್ಕು ಅಂದರೆ ಹಳೇ ಡಿಸ್ಕು, ಮೊದಲಿನಿಂದ ಕೆಲಸ ಮಾಡುತ್ತಿದ್ದ ಸೊನ್ನೆ. ಅದರ ಮೇಲೆಯೇ ನಾನು ಡಿಸೆಂಬರಿನ ಕಾಪಿಯನ್ನು ಸುರಿದಿದ್ದೆ. ಅಕ್ಕ ತಪ್ಪು ಹೇಳಲಿಲ್ಲ. ಒಂದು ಅಂತಲೂ ಹೇಳಲಿಲ್ಲ. ನನಗೆ ಇದು ಇವತ್ತು ಗೊತ್ತಾಯಿತು ಅಂತ ಬರೆದರೆ ಅದೂ ಸುಳ್ಳು. ಫೋಲ್ಡರ್ ಇಲ್ಲ ಅಂದ ಕ್ಷಣವೇ ಹೊಟ್ಟೆಯೊಳಗೆ ಆರನೇ ಕ್ಲಾಸಿನ ಬೆಂಚುಗಳು ಬಡಿದಿದ್ದವು.

ಅಜ್ಜಿಗೆ ಕೇಳಿಸಬಾರದೆಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೀರು ವೇಸ್ಟಾಗುತ್ತೆ ಅಂತ ಅಜ್ಜಿ ಹೊರಗಿನಿಂದ ಬೈದಳು.

ಅಕ್ಕನಿಗೆ ಹೇಳಬೇಕು. ಫೋನಿನಲ್ಲಿ ಹೇಳಿದರೆ ಸಾಕೇ? ಒಬ್ಬಳಿಗೇ, ಮೆಲ್ಲಗೆ?

ಮಾರ್ಚ್ 3, ಸೋಮವಾರ

ಫೋನ್ ಮಾಡಲಿಲ್ಲ. ಬೆಳಗ್ಗೆ ಲ್ಯಾಬಿನ ಹೊರಗೆ ಒಬ್ಬಳೇ ಸಿಗಲಿ ಅಂತ ಕಾದೆ. ಸಿಗಲಿಲ್ಲ. ಕ್ಲಾಸು ಪೂರ್ತಿ ಕೂತಿರುವಾಗ ಜೆಯಕುಮಾರ್ ಸರ್ ಅಕ್ಕನನ್ನು ಕರೆಸಿ ನಿಲ್ಲಿಸಿದರು. ಊರಿನ ವಿಶೇಷದಲ್ಲಿ ಕುಣಿಯುತ್ತಾ ಸರ್ವರ್ ನೋಡಿಕೊಂಡರೆ ಹೀಗೇ ಆಗೋದು, ಫಸ್ಟ್ ಇಯರ್ ಹುಡುಗಿಗೆ ಉಲ್ಟಾ ಹೇಳಿಕೊಟ್ಟಿದ್ದೀಯ, ನಿನ್ನ ಫೋಟೋ ಹೋದದ್ದಕ್ಕೆ ರಿವ್ಯೂನಲ್ಲಿ ಬೇರೆ ಯಾರ ಮೇಲೂ ತಪ್ಪು ಹಾಕಬೇಡ ಅಂದರು. ಅಕ್ಕ ಕೀ ತೆಗೆದು ಮೇಜಿನ ಮೇಲಿಟ್ಟಳು. ನನ್ನ ತಪ್ಪೇ ಸರ್ ಅಂದಳು.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆ ಅಂತ ಗೊತ್ತಿಲ್ಲ. ಬಾಯಿಗೆ ಬಂದದ್ದು ತಮಿಳಲ್ಲ, ಇಂಗ್ಲಿಷಲ್ಲ.

"ಅಕ್ಕಾ, ನೀವು ಶರಿಯಾಗೇ ಯೋಳಿದ್ರಿ. ಮುಂದಿನ ಡಿಸ್ಕಿಂದ ಅಂತಾನೇ ಯೋಳಿದ್ರಿ. ನಾನೇ ತಿರುಗಿಸ್ಬಿಟ್ಟೆ."

ಪಾಂಡಿ ನನ್ನನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು. ಇದ್ಯಾವ ಭಾಷೆ, ಏನು ಹೇಳುತ್ತಿದ್ದೀಯ ಅಂತ ಸರ್ ಕೇಳಿದರು. ತಮಿಳಿನಲ್ಲಿ ಹೇಳಿದೆ. ಮನೆ ಮಾತು ಕನ್ನಡ ಅಂತ, ಕೊಡೈಕಾನಲ್ ಸುಳ್ಳು ಅಂತ, ಮೈಸೂರಿನಲ್ಲಿ ಓದಿದೆ ಅಂತ, ಅಲ್ಲಿ ಮುಂದಿನ ಅಂದರೆ ಇನ್ನು ಬರುವುದು, ಅದಕ್ಕೆ ಸೊನ್ನೆ ಬಿಟ್ಟು ಒಂದನ್ನು ತೆಗೆದುಕೊಂಡೆ ಅಂತ. ಅಕ್ಕ ಒಂದು ಅಂತ ಹೇಳಲೇ ಇಲ್ಲ, ಹೇಳಿದಳು ಅಂತ ಹೂಂಗುಟ್ಟಿದವಳು ನಾನು ಅಂತ.

ಸರ್ ಕನ್ನಡಕ ತೆಗೆದರು. ಮುಂದಿನ ಅಂದರೆ ಹಳೆಯದೇ ಅಲ್ಲವಾ ಮಾ, ಇದರಲ್ಲಿ ಏನು ಕುಳಪ್ಪ, ಏನು ಗೊಂದಲ ಅಂದರು.

ಆಗ ಹೊಳೆಯಿತು. ತಮಿಳಿನಲ್ಲೂ ಅದು ಅದೇ ಪದ, ಅದೇ ಅರ್ಥ. ಆ ಲ್ಯಾಬಿನಲ್ಲಿದ್ದ ಯಾರನ್ನು ಕೇಳಿದ್ದರೂ ಸರಿಯಾಗಿ ಹೇಳುತ್ತಿದ್ದರು. ತಪ್ಪು ಮಾಡಲು ಸಾಧ್ಯವಿದ್ದವಳು ನಾನೊಬ್ಬಳೇ.

"ಅಡಿಯೇ" ಅಂದಳು ಪಾಂಡಿ ಹಿಂದಿನಿಂದ, "ಸ್ಪೀಕರಲ್ಲಿ ಹಾಕಡೀ ಅಂತ ತಲೆ ಬಡ್ಕೊಂಡೆನಲ್ಲ."

ಯಾರೋ ನಕ್ಕರು. ಆಮೇಲೆ ಎಲ್ಲರೂ. ಬೆಂಚು ಬಡಿದರು ಕೂಡ. ಅಕ್ಕ ನಗಲಿಲ್ಲ.

ಸರ್ ಕೀ ತಮ್ಮ ಜೇಬಿಗೆ ಹಾಕಿಕೊಂಡರು. ಇನ್ನು ಮೇಲೆ ಇಬ್ಬರೂ ಕೇಳಿಯೇ ತೆಗೆದುಕೊಳ್ಳಬೇಕು. ಅಕ್ಕನ ರಿವ್ಯೂ ಏಪ್ರಿಲ್‌ಗೆ ಹಾಕುತ್ತಾರಂತೆ, ಅದಕ್ಕಿಂತ ಹೆಚ್ಚು ಆಗಲ್ಲ ಅಂದರು.

ಹೊರಗೆ ಬೇವಿನ ಮರದ ಹತ್ತಿರ ಅಕ್ಕ ನಿಂತಿದ್ದಳು.

"ಯಾವಾಗಿಂದ ಗೊತ್ತು ನಿನಗೆ?"

"ಶನಿವಾರದಿಂದ."

"ಶನಿವಾರದಿಂದನಾ?"

"ಇಲ್ಲ. ಮುಂಚೇಯಿಂದ."

"ಒಂದು ವಾರ" ಅಂದಳು. "ಒಂದು ವಾರ ನನ್ನ ಬಾಯನ್ನೇ ನಾನು ನಂಬ್ಲಿಲ್ಲ. ಅಪ್ಪನತ್ರ ಫೋನಲ್ಲಿ ಮಾತಾಡೋವಾಗ್ಲೂ ಎರಡೆರಡು ದಪ ಯೋಳ್ತಿದ್ದೆ."

ಆಮೇಲೆ ನನ್ನ ಫೋನ್ ಕೇಳಿ ತೆಗೆದುಕೊಂಡು, ಕ್ಯಾಮೆರಾ ತೆರೆದು ಬೇವಿನ ಎಲೆಗೆ ಹಿಡಿದು ನೋಡಿದಳು. ನಮ್ಮ ತೋಟ ಬೋಳಾದರೇನು, ಕಣಿವೆಯಲ್ಲಿ ಒಬ್ಬರು ಬಳ್ಳಿ ಕತ್ತರಿಸುವಾಗ ಇನ್ನೊಬ್ಬರದ್ದು ಚಿಗುರಿರುತ್ತೆ, ವರ್ಷವೆಲ್ಲ ಎಲ್ಲಾದರೂ ಎಲೆ ಇದ್ದೇ ಇರುತ್ತೆ ಅಂದಳು. ಪೂರ್ತಿ ವಾರಗಳ ಲೆಕ್ಕ ಸಿಗಲ್ಲ, ಅರ್ಧ ಸಿಕ್ಕರೆ ಅರ್ಧ. ಫೋನು ವಾಪಸ್ ಕೊಡುವಾಗ ನನ್ನ ಮುಖ ನೋಡಲಿಲ್ಲ.

"ಶನಿವಾರ ಬಾ. ತೋಟದವರತ್ರ ನೀನೇ ಕೇಳ್ಬೇಕು. ನಮ್ಮ ಮಾತಲ್ಲೇ."

ಮಾರ್ಚ್ 8, ಶನಿವಾರ. ಬಸ್ಸಿನಲ್ಲಿ

ಅಕ್ಷರ ಕುಲುಕುತ್ತಿದೆ. ಬೆಳಗ್ಗೆಯಿಂದ ಹನುಮಂತನಪಟ್ಟಿಯ ಮೂರು ತೋಟ ಸುತ್ತಿದೆವು. ಪಂದಲ್, ಅಂದರೆ ಚಪ್ಪರ, ನನ್ನ ಎತ್ತರಕ್ಕಿಂತ ತಗ್ಗು, ದಿನವಿಡೀ ಕತ್ತು ಬಗ್ಗಿಸಿಯೇ ನಡೆಯಬೇಕು. ಎಲೆ ತಿರುಗಿಸಿ ಅಡಿಯಲ್ಲಿ ಬೂಷ್ಟು ಇದೆಯಾ ನೋಡು, ಇದ್ದರೆ ಮೇಲೊಂದು, ಕೆಳಗೊಂದು ಫೋಟೋ ಹಿಡಿ. ಅಕ್ಕ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ.

ಅವಳ ಅಪ್ಪ ಮಾಯಾಂಡಿ ದೊಡ್ಡಪ್ಪ ನಮ್ಮ ಜೊತೆಗೇ ಬಂದಿದ್ದರು. ಮೊದಲನೇ ತೋಟದಲ್ಲಿ, ನಿಮ್ಮ ಎಲೆಗಳ ಛಾಯಾಚಿತ್ರ ತೆಗೆದುಕೊಳ್ಳಬಹುದೇ ಅಂತ ನಾನು ಕೇಳಿದ್ದನ್ನು ಕೇಳಿ, ಏನ್ ತಾಯೀ, ಟೀವೀಲಿ ನ್ಯೂಸ್ ವಾಸಿಸ್ತೀಯಾ, ಅಂದರೆ ಓದುತ್ತೀಯಾ, ಅಂದರು. ತೋಟದವರು ಬಿದ್ದು ಬಿದ್ದು ನಕ್ಕರು. ಮೂರನೇ ತೋಟದಲ್ಲಿ "ಎಲೆ ಪಟ ಹಿಡೀಲಾ ಮಾಮಾ" ಅಂದೆ. ಯಾರೂ ನಗಲಿಲ್ಲ. ಹಿಡಿ ಅಂದರು, ಅಷ್ಟೆ.

ಊಟಕ್ಕೆ ಕೂತಾಗ ದೊಡ್ಡಪ್ಪ ಕೇಳಿಯೇಬಿಟ್ಟರು. "ಪೊಂಗಲ್‌ನಿಂದ ಹಿಡಿದ್ಲಲ್ಲ ನಮ್ಮ ಪುಳ್ಳೆ, ಆ ಪಟ ಎಲ್ಲ ಏನಾತು?"

ಅಕ್ಕ ಸೊಪ್ಪು ಬಡಿಸುತ್ತಿದ್ದಳು. ತಲೆ ಎತ್ತದೆ ಪಕ್ಕದ ಎಲೆಗೆ ಹೋದಳು. ಮನೆಯಲ್ಲಿ ಹೇಳಿಯೇ ಇಲ್ಲ ಅಂತ ಆಗ ಗೊತ್ತಾಯಿತು.

"ನಾನು ಅಳಿಸ್ಬಿಟ್ಟೆ ದೊಡ್ಡಪ್ಪಾ."

"ಎಲ್ಲಾನುವಾ?"

"ಎಲ್ಲಾನುವೇ."

ಅವರು ತುತ್ತು ಕಲಸುತ್ತಲೇ ಇದ್ದರು. ಆಮೇಲೆ ಅಕ್ಕನಿಗೆ, ಅವಳಿಗೆ ಇನ್ನೊಂದು ಕರಂಡಿ ಸೊಪ್ಪು ಹಾಕು, ಸಾಯಂಕಾಲದವರೆಗೂ ಬಗ್ಗಬೇಕಲ್ಲ ಅಂದರು. ಅಕ್ಕ ಹಾಕಿದಳು. ಎರಡು ಹಾಕಿದಳು.

ಬುಧವಾರ ಸರ್ ಎದುರಿಗೇ ಸರ್ವರಿಗೆ ಹೊಸ ಡಿಸ್ಕು ಹಾಕಿದೆವು. ಮಿಷನ್ನು ಈಗ ಏಳುವುದು ಬ್ಯಾಕಪ್ಪಿನಿಂದಲೇ, ಹೊಸದು ಅದರ ಕಾಪಿ. ಸೊನ್ನೆ, ಒಂದು, ಮುಂದೆ, ಹಿಂದೆ ಯಾವುದೂ ಬೇಡ ಅಂತ ಪಾಂಡಿ ಎರಡಕ್ಕೂ ಪ್ಲಾಸ್ಟರ್ ಅಂಟಿಸಿ ತಮಿಳಿನಲ್ಲಿ ಹೆಸರು ಬರೆದಳು. ಹಳೆಯದಕ್ಕೆ ಪಾಟಿ, ಹೊಸದಕ್ಕೆ ಪೇತ್ತಿ. ಅಜ್ಜಿ, ಮೊಮ್ಮಗಳು. ಯಾವಾಗಲೂ ಅಜ್ಜಿಯಿಂದ ಮೊಮ್ಮಗಳಿಗೆ, ಇದನ್ನಾದರೂ ತಿರುಗಿಸಬೇಡಡೀ ಅಂದಳು. ಕೆಳಗೆ ನಿನ್ನ ಜಿಲೇಬಿಯಲ್ಲೂ ಬರಿ ಅಂದಳು. ಬರೆದೆ.

ಈಗ ಅವಳೇ ಫೋನ್ ಮಾಡಿದ್ದಳು. ಎಲೆ ಎಷ್ಟು ಸಿಕ್ಕಿತು, ದ್ರಾಕ್ಷಿ ತರುತ್ತಿದ್ದೀಯಾ ಇಲ್ಲವಾ ಅಂತ. ಮಾತಾಡುತ್ತಿರುವಾಗಲೇ ಅಜ್ಜಿಯ ಕಾಲ್ ಬಂತು, ಪಾಂಡಿಗೆ ಇರು ಅಂತ ಹೇಳಿ ಅಜ್ಜಿಯ ಜೊತೆ ಮಾತಾಡಿದೆ. ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡಿದಳು. ಬಸ್ಸಿನ ಸದ್ದಿಗೆ ಗಟ್ಟಿಯಾಗಿ ಮಾತಾಡಿದೆ ಅಂತ ಕಾಣುತ್ತದೆ.

ಪೆರಿಯಕುಳಂ ದಾಟುತ್ತಿದ್ದೇವೆ. ಮಾವಿನ ಹೂವು ಉದುರಿ ಕಾಯಿ ಕಚ್ಚಿದೆ. ಮುಂದಿನ ಶನಿವಾರ ಇಲ್ಲೇ, ಅಜ್ಜಿಗೆ ಕೇಳಿಸದ ಹಾಗೆ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಇವತ್ತು ಕತ್ತು ನೋಯುತ್ತಿದೆ, ಅಷ್ಟೆ.